ಫಾರ್ವ್‌ನನ್ನು ಬಿಟ್ಟದ್ದು ಸರಿ ಅಂತ ಇವತ್ತಿಗೂ ಹೇಳುತ್ತೇನೆ
ಮೊನ್ನೆ ಗೆಳೆಯನ ಜೊತೆ ಮತ್ತೆ ಅದೇ ವಾದ. 2008ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ ಹಿರಿಯ ಆಟಗಾರ ಬ್ರೆಟ್ ಫಾರ್ವ್‌ನನ್ನು ಬಿಟ್ಟು ಹೊಸ ಹುಡುಗ ಆರನ್ ರಾಜರ್ಸ್‌ನನ್ನು ನೆಚ್ಚಿಕೊಂಡದ್ದು ಸರಿಯಾ? ಅವನು ಇನ್ನೂ ಒಪ್ಪುವುದಿಲ್ಲ. ನನಗೂ ಫಾರ್ವ್ ಅಂದರೆ ಪ್ರಾಣ, ಆದರೂ ಸರಿ ಅಂತಲೇ ಅನ್ನುತ್ತೇನೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ಕ್ರಿಕೆಟ್‌ನಲ್ಲಾದರೆ ಹಿರಿಯನನ್ನು ಆರನೇ ನಂಬರಿಗೆ ಇಳಿಸಿ ಹುಡುಗನನ್ನು ಮೇಲೆ ಆಡಿಸಬಹುದು. ಇಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗ ಒಂದೇ. ಒಬ್ಬ ಆಡಿದರೆ ಇನ್ನೊಬ್ಬ ಬೆಂಚು ಕಾಯಬೇಕು.

ರಾಜರ್ಸ್ ಮೂರು ವರ್ಷ ಕಾದ. 2005ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲನೆಯವನಾಗಿಯೇ ಹೋಗಬಹುದು ಅಂತ ಮಾತಿದ್ದ ಹುಡುಗ, ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕೂತು ಕೂತು ಕೊನೆಗೆ 24ನೆಯವನಾಗಿ ಗ್ರೀನ್ ಬೇಗೆ ಬಂದ. ಅಲ್ಲಿ ಫಾರ್ವ್ ಇದ್ದ. ಮೂರು ಸಲ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದವನು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟವನು.

2007ರಲ್ಲಿ, 38ನೇ ವಯಸ್ಸಿನಲ್ಲಿ, ಫಾರ್ವ್ ತಂಡಕ್ಕೆ 13 ಗೆಲುವು ತಂದುಕೊಟ್ಟ. ಕೈ ಸೋತಿದೆ ಅನ್ನುವ ಹಾಗೇ ಇರಲಿಲ್ಲ. ಕಷ್ಟ ಇರುವುದು ಇಲ್ಲೇ, ಅಲ್ವಾ? ಆಮೇಲೆ ಬಂತು 2008ರ ಜನವರಿ 20. ಪ್ಯಾಕರ್ಸ್ ತವರು ಮೈದಾನ ಲ್ಯಾಂಬೋ ಫೀಲ್ಡ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ, ಗೆದ್ದರೆ ಸೂಪರ್ ಬೌಲ್, ಎದುರಿಗೆ ಜೈಂಟ್ಸ್ ತಂಡ, 20-20 ಸಮ, ಓವರ್‌ಟೈಮ್. ಟಾಸ್ ಗೆದ್ದು ಚೆಂಡು ಪ್ಯಾಕರ್ಸ್ ಕೈಯಲ್ಲೇ ಇತ್ತು. ಎರಡನೇ ಪ್ಲೇಯಲ್ಲೇ ಫಾರ್ವ್ ತನ್ನದೇ ತಂಡದ ಡೊನಾಲ್ಡ್ ಡ್ರೈವರ್ ಕಡೆ ಎಸೆದ ಚೆಂಡನ್ನು ಜೈಂಟ್ಸ್‌ನ ಕೋರಿ ವೆಬ್‌ಸ್ಟರ್ ಹಿಡಿದುಬಿಟ್ಟ. ಅಷ್ಟೇ. 47 ಗಜದ ಕಿಕ್, ಜೈಂಟ್ಸ್ ಗೆದ್ದರು. ಫಾರ್ವ್ ಪ್ಯಾಕರ್ಸ್‌ಗಾಗಿ ಎಸೆದ ಕೊನೆಯ ಚೆಂಡು ಅದು.

ಮಾರ್ಚ್‌ನಲ್ಲಿ ಅಳುತ್ತಾ ನಿವೃತ್ತಿ ಹೇಳಿದ, ಬೇಸಿಗೆಯಲ್ಲಿ ಮತ್ತೆ ಆಡುತ್ತೇನೆ ಅಂದ. ತಂಡದ ಜನರಲ್ ಮ್ಯಾನೇಜರ್ ಟೆಡ್ ಥಾಂಪ್ಸನ್ ಜಗ್ಗಲಿಲ್ಲ. ಆಗಸ್ಟ್‌ನಲ್ಲಿ ಫಾರ್ವ್‌ನನ್ನು ಜೆಟ್ಸ್ ತಂಡಕ್ಕೆ ಕಳಿಸಿದರು.

ಥಾಂಪ್ಸನ್ ಸುಮ್ನೆ ಜೂಜಾಡಿದ ಅನ್ನುವವರು ಒಂದು ರಾತ್ರಿಯನ್ನು ಮರೆಯುತ್ತಾರೆ. 2007ರ ನವೆಂಬರ್, ಡಲ್ಲಾಸ್. ಫಾರ್ವ್‌ಗೆ ಪೆಟ್ಟಾಗಿ ರಾಜರ್ಸ್ ಒಳಗೆ ಬಂದ, 26 ಪಾಸ್‌ಗಳಲ್ಲಿ 18 ಮುಟ್ಟಿಸಿದ. ಪಂದ್ಯ ಸೋತರು, ನಿಜ. ಆದರೆ ಆ ಹುಡುಗನ ಮುಖದಲ್ಲಿ ಗಾಬರಿ ಇರಲಿಲ್ಲ. ಹುಡುಗ ತಯಾರಾಗಿದ್ದಾನೆ ಅಂತ ನನಗೆ ಅವತ್ತೇ ಅನ್ನಿಸಿತ್ತು.

ಗೆಳೆಯನ ಹತ್ತಿರ ಗಟ್ಟಿ ಉತ್ತರ ಇದೆ. ರಾಜರ್ಸ್ ಮೊದಲ ವರ್ಷ ಬರೀ 6 ಗೆದ್ದು 10 ಸೋತ. 2009ರಲ್ಲಿ ಫಾರ್ವ್ ಎದುರಾಳಿ ತಂಡ ವೈಕಿಂಗ್ಸ್ ಸೇರಿ ಪ್ಯಾಕರ್ಸ್‌ನ್ನು ಎರಡೂ ಸಲ ಸೋಲಿಸಿದ. ಒಂದೆರಡು ವರ್ಷಕ್ಕೆ ಮಾತ್ರ ನೋಡಿದರೆ ಅವನದೇ ಸರಿ. ಆದರೆ 2011ರ ಫೆಬ್ರವರಿಯಲ್ಲಿ ಸ್ಟೀಲರ್ಸ್ ವಿರುದ್ಧ 31-25ರಲ್ಲಿ ಸೂಪರ್ ಬೌಲ್ ಗೆದ್ದದ್ದು ರಾಜರ್ಸ್.

ಹಾಗಂತ ಹೊಸಬ ಸಿಕ್ಕ ಕೂಡಲೇ ಹಳಬನನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಪ್ಯಾಕರ್ಸ್ ಹೊಸ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ನನ್ನು ತಂದಾಗ ರಾಜರ್ಸ್‌ನನ್ನು ಅವತ್ತೇ ಕಳಿಸಿದ್ದರೆ ದೊಡ್ಡ ತಪ್ಪಾಗುತ್ತಿತ್ತು, ಆ ವರ್ಷವೂ ಮರುವರ್ಷವೂ ಎಂವಿಪಿ ಆದವನು ಅವನೇ. ಲವ್ ಕೂಡ ಮೂರು ವರ್ಷ ಕಾದ. 2023ರಲ್ಲಿ ರಾಜರ್ಸ್ ಹೋದ, ಅವನೂ ಜೆಟ್ಸ್‌ಗೇ.