ಮಡಚುವ ಸೈಕಲ್ ಯಾವುದು ತಗೋಬೇಕು? ಮೊದಲು ಮೆಟ್ಟಿಲು ಎಣಿಸಿ

ಬೆಳಿಗ್ಗೆ ಬಳ್ಳಾರಿ ರೈಲ್ವೆ ಸ್ಟೇಷನ್ನಿನಲ್ಲಿ ಸೈಕಲ್ ಮಡಚಿ ನಿಂತರೆ ಸಾಕು, ಯಾರಾದರೂ ಹತ್ತಿರ ಬರುತ್ತಾರೆ. "ಅಣ್ಣ, ನಾನೂ ಒಂದು ತಗೋಬೇಕು ಅಂತಿದ್ದೀನಿ. ಯಾವುದು ಒಳ್ಳೇದು? ಯಾರೂ ಕದಿಯಲ್ವಾ?" ಎರಡಕ್ಕೂ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಗೆ ಎಷ್ಟು ಮೆಟ್ಟಿಲು?

ಇಂಥ ಸೈಕಲ್‌ಗಳು ಸಾಮಾನ್ಯವಾಗಿ 11ರಿಂದ 15 ಕಿಲೋ ತೂಗುತ್ತವೆ. ಅಂಗಡಿಯಲ್ಲಿ ಎತ್ತಿದಾಗ ಹಗುರ ಅನ್ನಿಸುತ್ತದೆ. ಸಂಜೆ ತೋರಣಗಲ್ಲಿನ ಕೆಲಸದಿಂದ ಸುಸ್ತಾಗಿ ಬಂದು ಎರಡನೇ ಮಹಡಿಗೆ ಹೊತ್ತು ನೋಡಿ, ಒಂದೊಂದು ಕಿಲೋನೂ ಮಾತಾಡುತ್ತದೆ. ಹೊರೋಕೆ ಬೇಜಾರಾದ ಸೈಕಲ್ ಎರಡೇ ವಾರಕ್ಕೆ ಕೆಳಗೆ ಗೇಟಿನ ಹತ್ತಿರ ಉಳಿಯುತ್ತದೆ. ಅಲ್ಲಿಂದ ಒಂದು ರಾತ್ರಿ ಮಾಯವಾಗುತ್ತದೆ. ಗೇರ್ ಎಷ್ಟು ಅನ್ನೋದು ಆಮೇಲೆ. ನಮ್ಮೂರ ರಸ್ತೆ ಬಹುಪಾಲು ಸಮತಟ್ಟು, ಕೋಟೆ ಬೆಟ್ಟವನ್ನೇನು ಸೈಕಲ್ಲಲ್ಲಿ ಹತ್ತಲ್ವಲ್ಲ.

ಚಕ್ರದ ಬಗ್ಗೆ ಮಾತ್ರ ಸ್ವಲ್ಪ ತಲೆ ಕೆಡಿಸಿಕೊಳ್ಳಿ. 16 ಇಂಚಿನದು ಮಡಚಿದರೆ ಪುಟ್ಟದಾಗುತ್ತದೆ, ಆದರೆ ಗುಂಡಿಗೆ ಬಿದ್ದರೆ ಏಟು ನೇರ ಸೊಂಟಕ್ಕೆ. ನನ್ನ ಓಟು 20 ಇಂಚಿಗೆ. ಅದಕ್ಕೆ ಮುಳ್ಳೂ ಒಂದು ಕಾರಣ. ಬೇರೆ ಊರಿನವರೂ 'ಬಳ್ಳಾರಿ ಜಾಲಿ' ಅಂತ ನಮ್ಮ ಹೆಸರಲ್ಲೇ ಕರೆಯುವ ಗಿಡ ಇಲ್ಲಿ ರಸ್ತೆ ಪಕ್ಕದಲ್ಲೇ ಇದೆ, ಪಂಕ್ಚರ್ ತಪ್ಪಿದ್ದಲ್ಲ, ಆಗ ಟ್ಯೂಬ್ ಸುಲಭವಾಗಿ ಸಿಗಬೇಕು. ಟೈರಿನ ಪಕ್ಕ ಸಣ್ಣದಾಗಿ 47-406 ಥರದ ನಂಬರ್ ಇರುತ್ತದೆ, ಕೊನೆಯದು ರಿಮ್ಮಿನ ಅಳತೆ, ಮಿಲಿಮೀಟರಿನಲ್ಲಿ. ಕೊನೆಯಲ್ಲಿ 406 ಇದ್ದರೆ ಮಕ್ಕಳ 20 ಇಂಚಿನ ಸೈಕಲ್ಲಿನ ಟ್ಯೂಬೇ ನಡೆಯುತ್ತದೆ, ಗಲ್ಲಿಯ ಸೈಕಲ್ ಶಾಪಲ್ಲೂ ಸಿಗುತ್ತದೆ. 451 ಅಂತಿದ್ದರೆ ಅದನ್ನೂ 20 ಇಂಚು ಅಂತಲೇ ಮಾರುತ್ತಾರೆ, ಆದರೆ ರಿಮ್ ದೊಡ್ಡದು. ಬ್ರಾಂಪ್ಟನ್ ಅನ್ನೋ ಕಂಪನಿಯ ಮಡಚುವ ಸೈಕಲ್ಲಿನ 16 ಇಂಚು ಅಂದರೆ 349, ಮಕ್ಕಳ ಸೈಕಲ್ಲಿನ 16 ಇಂಚು 305. ಹೆಸರು ಒಂದೇ, ಟೈರ್ ಕೂರಲ್ಲ.

ಕೊಳ್ಳುವ ಮುಂಚೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಮಡಚುವ ಕೀಲು ಲಟಲಟ ಅಂದರೆ ಬಿಟ್ಟುಬಿಡಿ.

ಇನ್ನು ಕಳ್ಳತನ. ತೆಳು ಕೇಬಲ್ ಲಾಕ್ ಇದೆಯಲ್ಲ, ಅದು ಕಟರ್‌ಗೆ ನೂಲಿದ್ದ ಹಾಗೆ. U ಆಕಾರದ ದಪ್ಪ ಸರಳಿನ ಯು-ಲಾಕ್ ತಗೊಳ್ಳಿ. ಚಕ್ರಕ್ಕಷ್ಟೇ ಹಾಕಿದರೆ ಚಕ್ರವೊಂದೇ ಉಳಿಯುತ್ತದೆ, ಫ್ರೇಮನ್ನೂ ಸೇರಿಸಿ ಕಂಬಕ್ಕೆ ಹಾಕಿ. ನಾನು ಒಂದು ಸಲ ಹಾಗೇ ಹಾಕಿ, ಒಗ್ಗರಣೆ ಮಿರ್ಚಿ ತಿನ್ನಲು ಹತ್ತು ನಿಮಿಷ ಒಳಗೆ ಹೋಗಿದ್ದೆ. ಹೊರಗೆ ಬಂದರೆ ಸೈಕಲ್ ಇದೆ, ಸೀಟಿಲ್ಲ! ಲಿವರ್ ಎತ್ತಿದರೆ ಸಾಕು, ಇದರ ಸೀಟು ಪೈಪಿನ ಸಮೇತ ಕೈಗೆ ಬರುತ್ತದೆ. ಮನೆತನಕ ನಿಂತೇ ತುಳಿದೆ. ಆ ಪೈಪು ಮಾಮೂಲಿ ಸೈಕಲ್ಲಿನದಕ್ಕಿಂತ ದಪ್ಪ, ಉದ್ದ. ಕದ್ದವನಿಗೆ ಬೇರೆ ಸೈಕಲ್ಲಿಗೆ ಹಾಕೋಕೆ ಬಂದಿರಲಿಕ್ಕಿಲ್ಲ, ನನಗೂ ಊರಲ್ಲಿ ಅಂಥದ್ದು ಸಿಗಲಿಲ್ಲ. ಇಬ್ಬರಿಗೂ ಲಾಸು.

ಪೆಡಲಿನ ತೋಳು ಫ್ರೇಮಿಗೆ ಕೂರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಇರುತ್ತದೆ. ಅದರದ್ದೂ ಬಿಲ್ಲಿನದ್ದೂ ಫೋಟೋ ಇಟ್ಟುಕೊಳ್ಳಿ. ಪೊಲೀಸ್ ಸ್ಟೇಷನ್ನಿಗೆ ಹೋಗಿ "ಕೆಂಪು ಸೈಕಲ್ ಸಾರ್" ಅಂದರೆ ಯಾವುದು ಅಂತ ಹುಡುಕುತ್ತಾರೆ ಪಾಪ!

ನಾನಂತೂ ಈಗ ಮಡಚಿ, ಹಳೇ ಬೆಡ್‌ಶೀಟಿನ ಚೀಲ ಹಾಕಿ ಒಳಗೇ ಒಯ್ಯುತ್ತೇನೆ. ಮಿರ್ಚಿ ಹೋಟೆಲಿನಲ್ಲಿ ಟೇಬಲ್ ಪಕ್ಕ ಇಡುತ್ತೇನೆ. ಸಪ್ಲೈಯರ್ ಹುಡುಗ ಅದನ್ನು ನೋಡಿ, "ಇವರಿಗೇನು ಕೊಡ್ಲಿ ಅಣ್ಣ?" ಅಂತ ದಿನಾ ಕೇಳುತ್ತಾನೆ.