ಬೆನ್ನು ತಿರುಗಿಸಿ ನಿಂತವನು

ಮಡಿಕೇರಿಯ ನಮ್ಮ ಮನೆಯಲ್ಲಿ ಒಬ್ಬಂಟಿ ಮನುಷ್ಯನ ಅಚ್ಚುಚಿತ್ರವೊಂದಿದೆ. ಅಡಿಯಲ್ಲಿ ಪೆನ್ಸಿಲ್ಲಿನಿಂದ 4/15 ಎಂದು ಬರೆದಿರುವುದರಿಂದ, 15 ಪ್ರತಿಗಳಲ್ಲಿ ಇದು ನಾಲ್ಕನೆಯದು. ಮೇಣದಂಥ ಲೇಪ ಬಳಿದ ತಾಮ್ರದ ತಗಡನ್ನು ಸೂಜಿಯಿಂದ ಗೀರಿ ಆಮ್ಲದಲ್ಲಿಟ್ಟಾಗ, ಗೀರಿದಲ್ಲಿ ಮಾತ್ರ ಲೋಹ ಕರಗಿ ತಗ್ಗಾಗುತ್ತದೆ. ಆ ತಗ್ಗುಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದರೆ, ಕಾಗದವೇ ಒಳಗಿಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಆದ್ದರಿಂದಲೇ ಓರೆ ಬೆಳಕಿನಲ್ಲಿ ಅವನ ಕೊಡೆಯ ಕಪ್ಪು ಗೆರೆಗಳು ತುಸು ಉಬ್ಬಿ ಕಾಣುತ್ತವೆ. ಸುತ್ತಲಿನ ಬೂದುಬಣ್ಣ ಅಕ್ವಾಟಿಂಟ್‌ನದು. ರಾಳದ ಪುಡಿಯ ಕಣಗಳ ನಡುವೆ ಆಮ್ಲ ಕೊರೆದದ್ದು. ನನಗಂತೂ ಅದು ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ಮಂಜೇ. ಅವನ ಮುಖವನ್ನು ಕಲಾವಿದೆ ತೋರಿಸದಿರುವುದು ಬಹಳ ಸರಿಯೆನಿಸುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಅವನನ್ನು ಹೊರಗೋಡೆಯಿಂದ ಇಳಿಸಿ, ಒಲೆಯ ಶಾಖ ತಾಗುವ ಒಳಗೋಡೆಗೆ ತೂಗುಹಾಕುತ್ತೇನೆ.