ವಾರಸುದಾರರಿಲ್ಲದ ಮಗು

“ಅಪರಿಚಿತ ಶವ ಪತ್ತೆ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ.” ಪತ್ರಿಕೆಯ ಒಳಪುಟದ ಇಂತಹ ಪ್ರಕಟಣೆಗಳ ಮೇಲೆ ಕಣ್ಣಾಡಿಸಿ ಪುಟ ತಿರುಗಿಸುವುದು ನನಗೂ ರೂಢಿಯಾಗಿತ್ತು. ಇಂಥದೇ ಕೋರಿಕೆಯೊಂದಕ್ಕೆ ಅರವತ್ತೈದು ವರ್ಷಗಳ ಬಳಿಕ ಉತ್ತರ ದೊರೆತ, ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ರಕರಣವನ್ನು ಓದಿದ ಮೇಲೆ ಆ ‘ವಾರಸುದಾರರು’ ಎಂಬ ಪದದ ಬಳಿ ತುಸು ನಿಲ್ಲುತ್ತಿದ್ದೇನೆ.

1957ರ ಫೆಬ್ರುವರಿಯಲ್ಲಿ ಆ ನಗರದ ಫಾಕ್ಸ್ ಚೇಸ್ ಪ್ರದೇಶದಲ್ಲಿ, ರಸ್ತೆ ಬದಿಯ ಪೊದೆಗಳ ನಡುವೆ, ಕೂಸಿನ ತೊಟ್ಟಿಲನ್ನು ಇಟ್ಟು ಮಾರಿದ್ದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕಾರು ವರ್ಷದ ಬಾಲಕನ ಬೆತ್ತಲೆ ಶವ ಸಿಕ್ಕಿತು. ಅದಕ್ಕೆ ಚೌಕುಳಿ ಕಂಬಳಿಯೊಂದನ್ನು ಸುತ್ತಲಾಗಿತ್ತು. ಊಟವಿಲ್ಲದೆ ಬಡಕಲಾಗಿದ್ದ ಮೈಮೇಲೆ ಪೆಟ್ಟಿನ ಗುರುತುಗಳಿದ್ದವು. ತಲೆಗೂದಲನ್ನು ಆಗಷ್ಟೇ ಅಡ್ಡಾದಿಡ್ಡಿಯಾಗಿ ಕತ್ತರಿಸಿದ್ದರಿಂದ ಅದರ ಎಳೆಗಳು ಇನ್ನೂ ಮೈಗೆ ಅಂಟಿಕೊಂಡಿದ್ದವು. ಪೊಲೀಸರು ಶವಕ್ಕೆ ಬಟ್ಟೆ ತೊಡಿಸಿ, ಕೂರಿಸಿ, ಜೀವಂತ ಮಗುವಿನಂತೆ ಕಾಣುವ ಹಾಗೆ ಫೋಟೊ ತೆಗೆಸಿದರು. ಸುಮಾರು 4 ಲಕ್ಷ ಕರಪತ್ರಗಳು ಅಚ್ಚಾದವು. ಗ್ಯಾಸ್ ಬಿಲ್ಲಿನ ಜೊತೆಗೂ ಅವು ಮನೆಮನೆಗೆ ತಲುಪಿದವು. ಮಗು ತಮ್ಮದೆಂದು ಹೇಳಿಕೊಂಡು ಯಾರೂ ಬರಲಿಲ್ಲ. ಆಡುವ ವಯಸ್ಸಿನ ಮಗುವೊಂದು ಇದ್ದಕ್ಕಿದ್ದಂತೆ ಕಾಣದಾದರೆ ಪಕ್ಕದ ಮನೆಯವರಾದರೂ ವಿಚಾರಿಸುವುದಿಲ್ಲವೇ? ಇಡೀ ಪ್ರಕರಣದಲ್ಲಿ ನನಗೆ ಈಗಲೂ ಅರ್ಥವಾಗದಿರುವುದು ಈ ಮೌನವೇ. ಶವಪರೀಕ್ಷಾ ಕಚೇರಿಯ ತನಿಖಾಧಿಕಾರಿ ರೆಮಿಂಗ್ಟನ್ ಬ್ರಿಸ್ಟೊ 1993ರಲ್ಲಿ ತೀರಿಕೊಳ್ಳುವವರೆಗೂ ಉತ್ತರಕ್ಕಾಗಿ ಹುಡುಕಾಡಿದರು.

1998ರಲ್ಲಿ ಶವವನ್ನು ಹೊರತೆಗೆದು ಹಲ್ಲಿನಿಂದ ಮೈಟೊಕಾಂಡ್ರಿಯಾದ ಡಿಎನ್‌ಎ ಪಡೆಯಲಾಯಿತು. ಆದರೆ ತಾಯಿಯಿಂದ ಮಾತ್ರ ಬರುವ ಈ ಡಿಎನ್‌ಎಯನ್ನು, ಇಂಥವರ ಮಗುವಿರಬಹುದು ಎಂಬ ಅನುಮಾನ ಮೊದಲೇ ಇದ್ದರೆ ತಾಳೆ ನೋಡಬಹುದೇ ಹೊರತು, ಗೊತ್ತಿಲ್ಲದ ಕುಟುಂಬವನ್ನು ಅದರಿಂದ ಹುಡುಕುವುದು ಕಷ್ಟ. 2019ರಲ್ಲಿ ಮತ್ತೊಮ್ಮೆ ಗೋರಿ ಅಗೆಯುವ ಹೊತ್ತಿಗೆ ಕಾಲ ಬದಲಾಗಿತ್ತು. ತಮ್ಮ ವಂಶದ ಬೇರು ತಿಳಿಯುವ ಕುತೂಹಲದಿಂದ ಅಸಂಖ್ಯಾತ ಜನ ಎಂಜಲಿನ ಮಾದರಿ ಕೊಟ್ಟು, ಅದರ ಫಲಿತಾಂಶವನ್ನು ಸಾರ್ವಜನಿಕ ದತ್ತಸಂಗ್ರಹಗಳಿಗೆ ಸೇರಿಸಿದ್ದರು. ತೀರಾ ಶಿಥಿಲವಾಗಿದ್ದ ಅವಶೇಷಗಳಿಂದ ಬಳಸಬಹುದಾದ ಡಿಎನ್‌ಎ ಪಡೆಯುವುದಕ್ಕೇ ಸುಮಾರು ಎರಡೂವರೆ ವರ್ಷ ಹಿಡಿಯಿತು. ಅದು ಕೈಗೆ ಬಂದ ಮೇಲೆ ವಂಶಾವಳಿ ತಜ್ಞೆ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಅವರ ತಂಡ ದೂರದ ನೆಂಟರನ್ನು ಗುರುತಿಸಿ, ಕೊಂಬೆಯಿಂದ ಕೊಂಬೆಗೆ ಇಳಿಯುತ್ತ ತಾಯಿಯ ಕಡೆಯ ಕುಟುಂಬವನ್ನು ತಲುಪಿತು. ನ್ಯಾಯಾಲಯದ ಆದೇಶ ಪಡೆದು ಆ ತಾಯಿಯ ಮಕ್ಕಳ ದಾಖಲೆಗಳನ್ನು ತೆಗೆಸಿದಾಗ, ಅಷ್ಟೂ ವರ್ಷ ಸರ್ಕಾರಿ ಕಡತದಲ್ಲೇ ಇದ್ದ ಜನನ ಪ್ರಮಾಣಪತ್ರವೊಂದು ಸಿಕ್ಕಿತು. ಅದರಲ್ಲಿ ತಂದೆಯ ಹೆಸರೂ ಇತ್ತು.

2022ರ ಡಿಸೆಂಬರ್ 8ರಂದು ಪೊಲೀಸರು ಬಾಲಕನ ಹೆಸರನ್ನು ಪ್ರಕಟಿಸಿದರು: ಜೋಸೆಫ್ ಅಗಸ್ಟಸ್ ಜರೆಲ್ಲಿ, ಹುಟ್ಟಿದ್ದು 1953ರ ಜನವರಿ 13. ತಂದೆತಾಯಿಗಳಿಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಕೊಂದವರು ಯಾರೆಂಬುದನ್ನು ಪೊಲೀಸರು ಅಂದು ಹೇಳಲಿಲ್ಲ, ತನಿಖೆಯನ್ನು ಮುಗಿಸಲೂ ಇಲ್ಲ. ಐವಿ ಹಿಲ್ ಸ್ಮಶಾನದಲ್ಲಿ ‘ಅಮೆರಿಕದ ಅಜ್ಞಾತ ಮಗು’ ಎಂದಷ್ಟೇ ಗುರುತಾಗಿದ್ದ ಗೋರಿಯ ಕಲ್ಲಿನ ಮೇಲೆ, ಬದುಕಿದ್ದರೆ ಅವನಿಗೆ ಎಪ್ಪತ್ತು ತುಂಬುತ್ತಿದ್ದ ದಿನ, ಅವನ ಹೆಸರು ಕಾಣಿಸಿತು.